ಮೈಸೂರಿಗೆ ಹೊರಟ ಕಾರಿನ ಖಾಲಿ ಸೀಟು

ಒಂದೇ ದಿನದಲ್ಲಿ ಮೈಸೂರು ನೋಡೋದು ಹೇಗೆ ಅಂತ ಕೇಳಿದವರಿಗೆಲ್ಲ ನಾನು ದೊಡ್ಡ ತಿಳಿದವನ ಹಾಗೆ ಹೇಳುತ್ತೇನೆ. ಬೆಳಕು ಹರಿಯುವ ಮುಂಚೆ ಮನೆ ಬಿಡಿ. ಮೊದಲು ಬೆಟ್ಟಕ್ಕೆ ಹೋಗಿ, ಆಮೇಲೆ ಅರಮನೆ. ಅಲ್ಲಿ ಚಪ್ಪಲಿ ಬಿಡಬೇಕು, ಅಂಗಳದ ಕಲ್ಲು ಸುಡುತ್ತದೆ, ಕಾಲುಚೀಲ ಇಟ್ಟುಕೊಳ್ಳಿ. ಇದರಲ್ಲಿ ನನ್ನದು ಅನ್ನುವುದು ಒಂದೂ ಇಲ್ಲ. ಎಲ್ಲ ರಿಚರ್ಡ್ಸ್ ಟೌನಿನಲ್ಲಿ ನಮ್ಮ ಮೇಲಿನ ಮನೆಯಲ್ಲಿರುವ ಆಂಟಿ ಹೇಳಿದ್ದು. ಅವರು ಹುಟ್ಟಿ ಬೆಳೆದದ್ದು ಮೈಸೂರಿನಲ್ಲೇ.

ನಾವು ಹೊರಡುವ ಹಿಂದಿನ ಸಂಜೆ ಇಷ್ಟೂ ಹೇಳಿಕೊಟ್ಟು, ಕೊನೆಗೆ ಮೆಲ್ಲಗೆ ಕೇಳಿದರು: "ನಾನೂ ಬರ್ಲೇನಪ್ಪಾ? ಊರು ನೋಡಿ ಎಷ್ಟೋ ವರ್ಷ ಆಯ್ತು."

ಅವರಿಗೆ ಮಂಡಿನೋವು. ಹೋದ ಕಡೆಯೆಲ್ಲ ಅವರಿಗಾಗಿ ಕಾಯುತ್ತಾ ನಿಲ್ಲಬೇಕಲ್ಲ ಅನ್ನಿಸಿತು. "ಕಾರು ಫುಲ್ ಆಗ್ಬಿಟ್ಟಿದೆ ಆಂಟಿ" ಅಂದೆ. ಶುದ್ಧ ಸುಳ್ಳು. ಹೊರಟವರು ನಾನು, ಹೆಂಡತಿ, ಮಗಳು ಮೂವರೇ.

ಬೆಳಿಗ್ಗೆ ನಾವು ಹತ್ತಿ ಕೂತಿದ್ದೆವು. ಆಂಟಿ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದರು. ಕೈಯಲ್ಲಿ ಟಿಫನ್ ಕ್ಯಾರಿಯರ್. ದಾರಿಗೆ ಇಡ್ಲಿ ಸಾಂಬಾರ್ ಮಾಡಿದ್ದರು. ಕೊಡಲು ಹಿಂದಿನ ಬಾಗಿಲು ತೆಗೆದರು. ಮಗಳ ಪಕ್ಕದ ಸೀಟು ಖಾಲಿ. ನಾನು ಏನೋ ಹುಡುಕುವವನ ಹಾಗೆ ತಲೆ ತಗ್ಗಿಸಿದೆ. ಒಂದು ಮಾತು ಬೈದಿದ್ದರೂ ವಾಸಿಯಿತ್ತು. ಅವರು ಕ್ಯಾರಿಯರನ್ನು ಆ ಸೀಟಿನ ಮೇಲೆ ನೆಟ್ಟಗೆ ಇಟ್ಟು, ಅದಕ್ಕೆ ಬೆಲ್ಟ್ ಹಾಕಿದರು.

"ಹುಷಾರಾಗಿ ಓಡ್ಸಪ್ಪ," ಅಂದರು. "ಸಾಂಬಾರ್ ಚೆಲ್ಲೀತು."