ಬೆನ್ನಿನ ಭಾವಚಿತ್ರ

ಕ್ಷೌರಿಕನು ಕೆಲಸ ಮುಗಿಸಿ, ತಲೆಯ ಹಿಂದೊಂದು ಕನ್ನಡಿ ಹಿಡಿದು, "ಸರಿ ಆತೇನ್ರಿ?" ಎಂದಾಗಲೆಲ್ಲ ನಾನು ಗೊಂದಲಕ್ಕೆ ಬೀಳುತ್ತೇನೆ. ಎದುರುಗನ್ನಡಿಯಲ್ಲಿ ಮೂಡುವ ಆ ಬೋಳುನೆತ್ತಿಯ ಗೃಹಸ್ಥರು ಯಾರೋ ಅಪರಿಚಿತರೆಂದೇ ನನಗೆ ಅನಿಸುತ್ತದೆ. ನಮ್ಮ ಬೆನ್ನನ್ನು ಊರೆಲ್ಲ ಬಲ್ಲದು, ನಾವು ಮಾತ್ರ ಅರಿಯೆವು. ಈ ತತ್ತ್ವಜ್ಞಾನ ಹುಟ್ಟಿದ್ದು ಸಿಂದಗಿಯ ಕ್ಷೌರದಂಗಡಿಯಲ್ಲಾದರೂ ಅದಕ್ಕೆ ಮೂಲಪುರುಷ ಅಮೆರಿಕದ ಒಬ್ಬ ಧನಿಕ.

ಹತ್ತೊಂಬತ್ತನೆಯ ಶತಮಾನದ ಆ ಪುಣ್ಯಾತ್ಮ ಹಣ ಕೊಟ್ಟು ತನ್ನ ಇಡೀ ಕುಟುಂಬವನ್ನು ಒಂದೇ ಚಿತ್ರದಲ್ಲಿ ಬರೆಸಿದ್ದ. ಆ ಚಿತ್ರ ಫೋನಿನಲ್ಲಿ ಕಣ್ಣಿಗೆ ಬಿದ್ದದ್ದೇ ತಡ, ನನ್ನ ಕಲಾಭಿರುಚಿಯನ್ನು ಬಂಧುವರ್ಗಕ್ಕೆ ಸಾರುವ ಚಪಲದಿಂದ ಅದನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಯಜಮಾನ ಕುರ್ಚಿಯಲ್ಲಿ, ಸುತ್ತ ಹೆಂಗಸರು, ಮಕ್ಕಳು, ಇವರಲ್ಲಿ ಹೆಂಡತಿ ಯಾರು, ಅತ್ತಿಗೆ ಯಾರು ತಿಳಿಯದು, ಹಿಂದೆ ಒಬ್ಬ ಕಿಟಕಿಯತ್ತ ಮುಖ ಮಾಡಿ ನಿಂತಿದ್ದಾನೆ. ಆ ಧನಿಕನಿಗೆ ಬೇಕಾಗಿದ್ದುದು ತಾನು ನಡುವೆ ಕೂರುವುದೋ, ಎಲ್ಲರೂ ಸುತ್ತ ಇರುವುದೋ, ಅದೂ ನನಗೆ ಬಗೆಹರಿಯಲಿಲ್ಲ. ಇಂಡಿ ಪಟ್ಟಣದಲ್ಲಿ ಲಿಂಬೆಹಣ್ಣಿನ ವ್ಯಾಪಾರದಿಂದ ಸಿರಿವಂತರಾದ ನನ್ನ ದೊಡ್ಡ ಸೋದರಮಾವನಿಗೆ ಮಾತ್ರ ಯಾವ ಗೊಂದಲವೂ ಆಗಲಿಲ್ಲ. "ಇಂಥಾದು ನಮ್ಮದೂ ಒಂದು ಆಗಬೇಕು ನೋಡು," ಎಂದು ಫೋನ್ ಮಾಡಿದರು.

ತಾಳಿಕೋಟೆಯಿಂದ ಕಲಾವಿದೆಯೊಬ್ಬರು ಬಂದರು. ಕಿಟಕಿಯ ಬಳಿ ಯಾರು ನಿಲ್ಲುತ್ತೀರೆಂದು ಅವರು ಕೇಳಿದಾಗ ಎಲ್ಲರಿಗೂ ನೆನಪಾದವರು ಅಲ್ಲಿಲ್ಲದ ಸಣ್ಣಮಾವ, ದೊಡ್ಡಮಾವನ ತಮ್ಮ. ಬಸವನ ಬಾಗೇವಾಡಿಯಲ್ಲಿರುವ ಸಣ್ಣಮಾವನಿಗೂ ದೊಡ್ಡಮಾವನಿಗೂ ತೋಟ ಪಾಲಾದಂದಿನಿಂದ ಮಾತಿಲ್ಲ. ಇಬ್ಬರು ಮಕ್ಕಳನ್ನೂ ಒಂದೇ ಚೌಕಟ್ಟಿನಲ್ಲಿ ಕಾಣಬೇಕೆಂಬುದೊಂದೇ ನಮ್ಮ ಅಜ್ಜಿಯ ಆಸೆ.

"ಅವನ ಮಾರಿ ನನಗ ಬ್ಯಾಡ," ಎಂದರು ದೊಡ್ಡಮಾವ.

"ಮಾರಿ ಬ್ಯಾಡಂದ್ರ ಬೆನ್ನರ ಇರ್ಲಿ," ಎಂದಳು ಅಜ್ಜಿ.

ತಾಯಿಯ ಮಾತಿಗೆ ಎದುರಿಲ್ಲ. ಆದರೆ ಎದುರಿಗಿಲ್ಲದವನ ಬೆನ್ನನ್ನು ಬರೆಯುವುದು ಹೇಗೆ? ಸೋದರಳಿಯನ ಮೈಕಟ್ಟು ಥೇಟ್ ಸಣ್ಣಮಾವನದೇ ಎಂದು ತೀರ್ಮಾನಿಸಿ ಎಲ್ಲರೂ ಕೂಡಿ ನನ್ನನ್ನೇ ಕಿಟಕಿಗೆ ನಿಲ್ಲಿಸಿದರು. ಮುಖಕ್ಕೆ ಎಂದೂ ಇಲ್ಲದ ಬೇಡಿಕೆ ಬೆನ್ನಿಗಾದರೂ ಬಂತಲ್ಲ ಎಂದು ನಾನು ಹಿಗ್ಗಿದೆ.

ಚಿತ್ರ ಗೋಡೆಗೇರಿದ ಸುದ್ದಿ ಬಾಗೇವಾಡಿಗೆ ಮುಟ್ಟಿತು. ತನ್ನ ಬೆನ್ನು ಅಣ್ಣನ ಮನೆಯಲ್ಲಿ ತೂಗುತ್ತಿದೆ ಎಂದರೆ ಯಾರಿಗೆ ತಾನೇ ತಡೆದೀತು? ಸಣ್ಣಮಾವ ಬಂದರು, ಯಾರ ಮುಖವನ್ನೂ ನೋಡದೆ ನೇರವಾಗಿ ಚಿತ್ರದ ಮುಂದೆ ಹೋಗಿ ನಿಂತರು. ನಮಗೆ ಈಗ ಎರಡು ಬೆನ್ನು ಕಾಣುತ್ತಿದ್ದವು.

"ಇದು ನನ್ನ ಬೆನ್ನಲ್ಲ," ಎಂದು ಅವರು ಗೋಡೆಗೆ ಹೇಳಿದರು. "ನನ್ನ ಎಡಭುಜ ಇಳದೈತಿ."

ದೊಡ್ಡಮಾವ ನನ್ನ ಕಡೆ ತಿರುಗಿದರು. "ಆ ಚಿತ್ರ ತಗದವ್ರಿಗೆ ಫೋನ್ ಹಚ್ಚು. ಎಡಭುಜ ಇಳಸ್ರಿ ಅಂತ ಹೇಳು. ಅಂಗಡಿ ಶುರು ಮಾಡಿದಾಗ ನನ್ನ ಲಿಂಬಿ ಬುಟ್ಟಿ ಹೊತ್ತ ಭುಜ ಅದು."

"ಭುಜ ಆಮ್ಯಾಲ," ಎಂದಳು ಅಜ್ಜಿ. "ಮೊದಲ ಮಾರಿ ಈ ಕಡೆ ತಿರಗಸ್ರಿ ಅಂತ ಹೇಳು."

ಫೋನ್ ಹಚ್ಚುವ ಮೊದಲೇ ಸಣ್ಣಮಾವ ತಾವಾಗಿ ತಿರುಗಿದರು.

ಕಲಾವಿದೆ ಮತ್ತೆ ಬಂದು ಕಿಟಕಿಯ ಬಳಿ ಸಣ್ಣಮಾವನ ಮುಖವನ್ನೇ ಬರೆದರು; ಹೀಗೆ ನನ್ನ ಬೆನ್ನು ಆ ಚಿತ್ರದಿಂದ ಅಳಿದುಹೋಯಿತು. ಮೊನ್ನೆ ಕ್ಷೌರಿಕ ಹಿಂದೆ ಕನ್ನಡಿ ಹಿಡಿದಾಗ, ಬೋಳುನೆತ್ತಿಯನ್ನು ಬಿಟ್ಟು, ಎಡಭುಜವನ್ನು ನೋಡಿಕೊಂಡೆ. ಸಮವಾಗಿತ್ತು, ಯಾರ ಬುಟ್ಟಿಯನ್ನೂ ಹೊತ್ತ ಗುರುತಿರಲಿಲ್ಲ. "ಸರಿ ಆತೇನ್ರಿ?" ಎಂದು ಅವನು ಕೇಳಿದ. ನಾನು ಎಡಭುಜವನ್ನು ತುಸು ಇಳಿಸಿ ಕೂತು ಮತ್ತೊಮ್ಮೆ ಕನ್ನಡಿ ನೋಡಿದೆ.