ವೀರಗಲ್ಲಿನ ಕೆಳಗಿನ ಸಾಲುಗಳು

ನಾನು ನಿವೃತ್ತಳಾಗುವ ಹಿಂದಿನ ವರ್ಷ. ಶಾಸನಗಳ ಪಡಿಯಚ್ಚು ತೆಗೆಯುವ ಕೆಲಸದಲ್ಲಿ ನಾನೂ ನಮ್ಮ ಯಜಮಾನರೂ ಒಂದೇ ಕಚೇರಿಯಲ್ಲಿದ್ದೆವು. ಆ ಮಂಗಳವಾರ ಎಂದಿನಂತೆ ಅರಸೀಕೆರೆಯಲ್ಲಿ ಬಸ್ಸು ಹತ್ತಿ ಹಳೇಬೀಡಿಗೆ ಬಂದು, ಅಲ್ಲಿಂದ ಆಟೋದಲ್ಲಿ ಹುಲಿಕೆರೆಯ ಆಚೆಗಿನ ಒಂದು ಹಳ್ಳಿಗೆ ಹೋದೆವು. ಊರ ಹಿಂದೆ, ಲಂಟಾನ ಹಬ್ಬಿದ ಕುರುಚಲು ಕಾಡಿನಲ್ಲಿ, ಹೊಯ್ಸಳರ ಕಾಲದ ಗುಡಿಯೊಂದು ಬಿದ್ದುಹೋಗಿತ್ತು. ಅದರ ಮುಂದೆ ವಾಲಿ ನಿಂತಿದ್ದ ವೀರಗಲ್ಲು ಎಲ್ಲಿಯೂ ದಾಖಲಾಗಿರಲಿಲ್ಲ.

ಪಡಿಯಚ್ಚು ಇಬ್ಬರ ಕೆಲಸ. ತೊಳೆದ ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಅದು ಅಕ್ಷರದ ಗುಳಿಗಳಿಗೆ ಇಳಿಯುವಂತೆ ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ಒತ್ತಬೇಕು. ಗುಳಿಗೆ ಮಸಿ ತಾಗದೆ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಅವರು ಬಡಿದರು, ನಾನು ಮಸಿ ಒತ್ತಿದೆ. ದನಗಳನ್ನು ಬಿಡಿಸಿಕೊಳ್ಳುವ ಕಾಳಗದಲ್ಲಿ ಒಬ್ಬ ಸತ್ತ ಎನ್ನುವಲ್ಲಿಗೆ ಕಲ್ಲು ಮಣ್ಣಿನೊಳಗೆ ಹೂತಿತ್ತು. ಸತ್ತವನ ಹೆಸರು ಹೂತ ಸಾಲುಗಳಲ್ಲಿರಬೇಕಿತ್ತು. ಬುಡ ಅಗೆಯಲು ಹೊತ್ತಿರಲಿಲ್ಲ.

"ಹೆಸರು ನಾಳೆ ಓದೋಣ ಕಣೇ. ಇಷ್ಟು ಕಾಲ ಕಾದಿದ್ದಾನೆ, ನಿನ್ನ ಥರ ಅವಸರ ಇಲ್ಲ ಅವನಿಗೆ," ಎಂದರು. ನಮಗೆ ಕಲ್ಲು ತೋರಿಸಿದ್ದ ಆ ಊರಿನ ಹಿರಿಯರಾದ ದೇವೀರಮ್ಮನವರಿಗೆ, ಕಲ್ಲು ಬೀಳದಂತೆ ನೋಡಿಕೊಳ್ಳಿ ಎಂದು ಹೇಳಿ ಹೊರಟರು.

ಮರುದಿನ ಬೆಳಗ್ಗೆ ಅರಸೀಕೆರೆಯ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕುಳಿತವರು ಏಳಲಿಲ್ಲ. ಹೃದಯಾಘಾತ ಎಂದರು ಡಾಕ್ಟರು.

ಕೆಲಸಕ್ಕೆ ಮರಳಿದ ಮೇಲೂ ಯಾವುದರಲ್ಲೂ ಮನಸ್ಸಿರಲಿಲ್ಲ. ಅವರು ನಾಳೆಗೆ ಬಿಟ್ಟ ಹೆಸರನ್ನು ಓದಿಬಿಡಬೇಕು ಎಂಬುದೊಂದೇ ಇತ್ತು. ಸಹೋದ್ಯೋಗಿಯೊಬ್ಬರನ್ನು ಕರೆದುಕೊಂಡು ಆ ಹಳ್ಳಿಗೆ ಹೋದೆ.

ಲಂಟಾನ ಕಡಿದು ದಾರಿ ಮಾಡಿದ್ದರು. ಕಲ್ಲು ನೆಟ್ಟಗೆ ನಿಂತಿತ್ತು. ಅದರ ಸುತ್ತ ಸಿಮೆಂಟಿನ ಕಟ್ಟೆ. ಮಣ್ಣಿನೊಳಗಿದ್ದ ಸಾಲುಗಳು ಈಗ ಸಿಮೆಂಟಿನೊಳಗಿದ್ದವು.

ದೇವೀರಮ್ಮ ನನ್ನ ಹಣೆ ನೋಡಿ, ಅವರೆಲ್ಲಿ ಎಂದು ಕೇಳಲಿಲ್ಲ. ಕಟ್ಟೆ ತೋರಿಸಿ ಹೇಳಿದರು: "ಬೀಳ್ದಂಗೆ ನೋಡ್ಕಳಿ ಅಂತ ನಿಮ್ಮ್ ಯಜಮಾನ್ರು ಹೇಳ್ಹೋಗಿದ್ರಲ್ಲವ್ವ. ಊರೋರೆಲ್ಲ ಸೇರಿ ಕಟ್ಟಿಸಿದ್ವಿ. ಇನ್ ಅಲ್ಲಾಡಕಿಲ್ಲ ಬಿಡವ್ವ."

ಸಹೋದ್ಯೋಗಿ ಕಟ್ಟೆಯ ಅಂಚನ್ನು ಕೆರೆದು ನೋಡಿ, ಆಗದು ಎಂದು ತಲೆಯಾಡಿಸಿದರು. ಒಡೆದರೆ ಆ ಮೆದು ಕಲ್ಲಿನ ಚಕ್ಕೆಯೂ ಸಿಮೆಂಟಿನ ಜೊತೆ ಏಳುತ್ತಿತ್ತು. ಚೆನ್ನಾಗಿ ಕಟ್ಟಿಸಿದ್ದೀರಿ ಎಂದಷ್ಟೇ ಹೇಳಿದೆ. ದೇವೀರಮ್ಮ ಕಾಯಿ ಒಡೆದು ಒಂದು ಹೋಳು ನನ್ನ ಕೈಗಿಟ್ಟರು.

ಕಾಪಾಡಿ ಎಂದು ಹೇಳುವಾಗ ಏನನ್ನು ಎಂದು ಬೆರಳಿಟ್ಟು ತೋರಿಸಬೇಕು. ಆಮೇಲೆ ಹೋದ ಊರುಗಳಲ್ಲೆಲ್ಲ ಹಾಗೆಯೇ ಮಾಡಿದೆ.

ಮೇಲಿನ ಸಾಲುಗಳ ಪಡಿಯಚ್ಚು ಕಚೇರಿಯಲ್ಲಿದೆ. ಅವರು ಬಡಿದ ಕೊನೆಯ ಹಾಳೆ ಅದು. ಸತ್ತವನ ಹೆಸರು ಅದರಲ್ಲಿಲ್ಲ.