ಮಗಳು ಬರೆಯದ ಗಿಳಿ

ನಮ್ಮ ಮಗಳಿಗೆ ಮೂರೂವರೆ ವರ್ಷವಾದರೂ ಮಾತು ಬಹಳ ಕಡಿಮೆಯಿತ್ತು. ತಿಪಟೂರಿನ ಡಾಕ್ಟರು ಕಿವಿ ನೋಡಿ, ನಾಲಿಗೆ ನೋಡಿ, ಏನೂ ತೊಂದರೆಯಿಲ್ಲ, ತಾನಾಗಿ ಬರುತ್ತೆ ಎಂದಿದ್ದರು. ಅಷ್ಟಾದರೂ ದೇವರು ಕಾಪಾಡಿದ. ಬಾಯಲ್ಲಿ ಹೇಳದ್ದನ್ನು ಅವಳು ಚಿತ್ರ ಬರೆದು ಹೇಳುತ್ತಿದ್ದಳು. ಒಲೆಯ ಪಕ್ಕದಿಂದ ಕರಟದ ಇದ್ದಿಲು ಎತ್ತಿಕೊಂಡು ಹೋಗಿ ಹಿತ್ತಿಲ ಗೋಡೆ, ನೀರಿನ ತೊಟ್ಟಿ, ಅವರಪ್ಪನ ಬಿಳಿ ಪಂಚೆ, ಸಿಕ್ಕಿದ್ದರ ಮೇಲೆಲ್ಲ ಗೀಚುವಳು. ಹಸಿವಾದರೆ ತಟ್ಟೆ ಬರೆದು ನನ್ನ ಸೆರಗು ಜಗ್ಗುವಳು. ಕಾಯಿ ಸುಲಿಯಲು ಬರುವ ಅಜ್ಜನನ್ನು ಬರೆದರೆ ಎರಡು ದೊಡ್ಡ ಕೈ ಮಾತ್ರ ಇರುತ್ತಿದ್ದವು. "ತಲೆ ಎಲ್ಲೇ?" ಎಂದು ಕೇಳಿದರೆ ನನ್ನನ್ನೇ ದಡ್ಡಿಯ ಹಾಗೆ ನೋಡುವಳು.

ತಿಪಟೂರಿಗೆ ಮದುವೆಯಾಗಿ ಹೋಗಿರುವ ನಾದಿನಿ ಒಂದು ದಿನ ಫೋನು ಮಾಡಿದಳು. "ಅತ್ಗೆ, ನಮ್ಮನೆ ಹತ್ರ ಒಂದು ಮಾಂಟೆಸ್ಸರಿ ಆಗೈತೆ. ಬರೀ ಎ ಬಿ ಸಿ ಡಿ ಅಲ್ಲ, ಚಿತ್ರ, ಮಣ್ಣಿನ ಬೊಂಬೆ, ಹಾಡು ಎಲ್ಲಾ ಹೇಳ್ಕೊಡ್ತಾರಂತೆ. ಇವ್ಳಿಗೆ ಹೇಳಿ ಮಾಡ್ಸಿದಂಗೈತೆ ಕಣ್ರೀ."

ನಾವಿಬ್ಬರೂ ಹೋಗಿ ನೋಡಿದೆವು. ಮುಂದಿನ ಕೋಣೆಯಲ್ಲಿ ಮಕ್ಕಳ ಎತ್ತರಕ್ಕೆ ಕಪಾಟು, ಮರದ ಬಿಲ್ಲೆಗಳು, ಮಣಿಗಳ ಸರ. ಗೋಡೆ ತುಂಬ ಚಿತ್ರಗಳು. ಕಮಲ, ಗಿಳಿ, ತೆಂಗಿನಮರದ ಹಿಂದೆ ಸೂರ್ಯ. ಒಂದರಲ್ಲೂ ಬಣ್ಣ ಗೆರೆ ದಾಟಿರಲಿಲ್ಲ. ಪ್ರತಿಯೊಂದರ ಕೆಳಗೂ ಮಗುವಿನ ಹೆಸರು, ವಯಸ್ಸು.

"ಇವೆಲ್ಲ ಮೂರು ವರ್ಷದ ಮಕ್ಳು ಬರೆದಿದ್ದಾ?" ಎಂದೆ.

"ಹೌದು ಮೇಡಂ. ಮಗೂ ಮನಸ್ಸಲ್ಲಿರೋದನ್ನ ನಾವು ಹೊರಗೆ ತರ್ತೀವಿ ಅಷ್ಟೇ" ಎಂದರು ಅಲ್ಲಿಯ ಮೇಡಮ್ಮು.

ನನ್ನ ಕಣ್ಣಲ್ಲಿ ನೀರು ಬಂತು. ಇವತ್ತು ಅದನ್ನು ಬರೆಯಲು ನಾಚಿಕೆಯಾಗುತ್ತದೆ.

ಆ ಶುಕ್ರವಾರ ನಮ್ಮೂರ ಅಮ್ಮನ ಗುಡಿಗೆ ಹೋಗಿ ಹೂ ಕೇಳಿದೆ. ನಮ್ಮ ಕಡೆ ಮದುವೆಗೆ, ಬೋರ್‌ವೆಲ್ಲಿಗೆ, ಮನೆ ಪಾಯಕ್ಕೆ ಎಲ್ಲದಕ್ಕೂ ಹೂ ಕೇಳುತ್ತೇವೆ. ಪೂಜಾರಪ್ಪ ಒದ್ದೆ ಹೂಗಳನ್ನು ಅಮ್ಮನ ಮೈಮೇಲೆ ಅಂಟಿಸುತ್ತಾರೆ, ನಾವು ಮನಸ್ಸಿನಲ್ಲೇ ಕೇಳಿಕೊಳ್ಳುತ್ತೇವೆ. ಬಲಗಡೆಯಿಂದ ಹೂ ಬಿದ್ದರೆ ಆಯಿತು ಎಂದು, ಎಡಗಡೆಯಿಂದ ಬಿದ್ದರೆ ಬೇಡ ಎಂದು. ಆ ಶಾಲೆಗೆ ಸೇರಿಸಲೇ ತಾಯಿ ಎಂದು ಕೇಳಿ ಮುಗಿಸುವ ಮೊದಲೇ ಬಲಭುಜದಿಂದ ಸೇವಂತಿಗೆ ಬಿತ್ತು. ಸೆರಗಿನಲ್ಲಿ ಕಟ್ಟಿಕೊಂಡು ಬಂದು ದೇವರ ಗೂಡಿನಲ್ಲಿಟ್ಟೆ. ಕೊಟ್ಟ ಹೂವನ್ನು ಯಾರೂ ಮೀರುವುದಿಲ್ಲ.

ಸೇರಿಸುವ ಮುಂಚೆ ಒಂದು ದಿನ ಮಗುವನ್ನು ಕೂರಿಸಿ ನೋಡಿ ಎಂದಿದ್ದರು. ಕರೆದುಕೊಂಡು ಹೋದೆ. ಅವಳನ್ನು ಒಳಗೆ ಕರೆದೊಯ್ದರು, ನನ್ನನ್ನು ಸೋಫಾದ ಮೇಲೆ ಕೂರಿಸಿದರು. ಒಂದು ಗಂಟೆಯಾದ ಮೇಲೆ ಬಚ್ಚಲಿಗೆ ಹೋಗಬೇಕಾಗಿ ನಾನೇ ಹಿಂದಕ್ಕೆ ನಡೆದೆ.

ಬಾಗಿಲು ತೆಗೆದರೆ ಮೂಗು ಮುಚ್ಚಿಕೊಳ್ಳುವಂತಿತ್ತು. ಪಾಚಿ ಕಟ್ಟಿದ ನೆಲ, ತಳದಲ್ಲಿ ಹುಳ ಆಡುತ್ತಿದ್ದ ಬಕೆಟ್ಟು. ಮೊಳೆಗೆ ಒಂದೇ ಒಂದು ಟವಲ್ಲು ನೇತುಹಾಕಿದ್ದರು. ಆಯಾ ಒಂದು ಮಗುವಿನ ಸಿಂಬಳ ಒರೆಸಿದಳು, ಅದರಲ್ಲೇ ಇನ್ನೊಂದರ ಬಾಯಿ ಒರೆಸಿದಳು, ಮತ್ತೆ ಮೊಳೆಗೆ ಹಾಕಿದಳು.

ಪಕ್ಕದ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಇಬ್ಬರು ಹುಡುಗಿಯರು, ಅಲ್ಲಿಯ ಟೀಚರುಗಳು, ನೆಲದ ಮೇಲೆ ಕುಳಿತು ಗಿಳಿಗೆ ಹಸಿರು ಬಳಿಯುತ್ತಿದ್ದರು. ಒಣಗಲು ಹರಡಿದ್ದ ಗಿಳಿಗಳು ಹತ್ತಾದರೂ ಇದ್ದವು. ಒಬ್ಬಳ ತೊಡೆಯ ಮೇಲೆ ಮಕ್ಕಳ ಹೆಸರಿನ ಪಟ್ಟಿ.

"ಏನವ್ವಾ ಇದು?" ಎಂದೆ.

"ನಾಳಿದ್ದು ಪೇರೆಂಟ್ಸ್ ಬರ್ತಾರಲ್ಲ ಆಂಟಿ, ಅದಕ್ಕೆ."

"ಮಕ್ಳು ಬರೆಯಲ್ವಾ?"

ಇಬ್ಬರೂ ಕಿಸಕ್ಕೆಂದರು. "ಅವು ಬರೆದಿದ್ದನ್ನ ಯಾರು ನೋಡ್ತಾರೆ ಆಂಟಿ? ಅಲ್ಲೈತೆ ನೋಡಿ."

ಮೂಲೆಯಲ್ಲಿ ಕಸದ ಬುಟ್ಟಿ. ಬಾಳೆಹಣ್ಣಿನ ಸಿಪ್ಪೆ, ಚೆಲ್ಲಿದ ಮೊಸರನ್ನ, ಅದರ ನಡುವೆ ಮಕ್ಕಳ ಹಾಳೆಗಳು. ಮೇಲಿನದರಲ್ಲಿ ಎರಡು ದೊಡ್ಡ ಕೈಗಳಿದ್ದವು, ಮೊಸರಿನಲ್ಲಿ ನೆನೆದು ಬಣ್ಣ ಇಳಿಯುತ್ತಿತ್ತು. ಬಗ್ಗಿ ಎತ್ತಿಕೊಳ್ಳಬೇಕೆಂದರೂ ಕೈ ಹೋಗಲಿಲ್ಲ.

ಮುಂದಿನ ಕೋಣೆಗೆ ಬರುವಷ್ಟರಲ್ಲಿ ಮೇಡಮ್ಮು ಮಗಳ ಕೈ ಹಿಡಿದು ನಿಂತಿದ್ದರು, ಇನ್ನೊಂದು ಕೈಯಲ್ಲಿ ಗಿಳಿ. ಕೆಳಗೆ ನನ್ನ ಮಗಳ ಹೆಸರು.

"ನೋಡಿ ಮೇಡಂ, ಮೊದಲನೇ ದಿನಾನೇ ಎಷ್ಟು ಚೆನ್ನಾಗಿ ಬರೆದಿದ್ದಾಳೆ!"

"ನಂದಲ್ಲ" ಎಂದಳು ಮಗಳು.

ಅಷ್ಟು ಸ್ಪಷ್ಟವಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

"ನಿಂದೇ ಪುಟ್ಟಾ, ಮರೆತುಬಿಟ್ಟಿದೀಯ" ಎಂದು ಆ ಹೆಂಗಸು ನಗುತ್ತಾ ಅವಳ ಕೆನ್ನೆ ಚಿವುಟಿದರು.

ಟವಲ್ಲಿಗಿಂತ ಆ ನಗು ನನಗೆ ಹೇಸಿಗೆಯೆನಿಸಿತು. ಮಾತೇ ಆಡದ ಕೂಸು ಬಾಯಿಬಿಟ್ಟು ಒಂದು ನಿಜ ಹೇಳಿದರೆ ಅದನ್ನೂ ಸುಳ್ಳು ಮಾಡಿದರಲ್ಲ. ಗಿಳಿಯನ್ನು ಅಲ್ಲೇ ಬಿಟ್ಟು ಮಗಳನ್ನು ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ.

ಮನೆಯಲ್ಲಿ ಹೇಳಿದರೆ ಯಜಮಾನರು ಒಪ್ಪಲಿಲ್ಲ. "ಅಮ್ಮ ಬಲಗಡೆ ಹೂ ಕೊಟ್ಟವ್ಳೆ. ನೀನೇ ಸೆರಗಲ್ಲಿ ಕಟ್ಕೊಂಡು ಬಂದೆ. ಈಗ ಟವಲ್ ಗಲೀಜು ಅಂತ ಮೀರ್ತೀಯಾ?"

ಅತ್ತೆ ಇನ್ನೂ ಮೆತ್ತಗೆ ಹೇಳಿದರು. "ಹೂ ಮೀರೋದು ಬ್ಯಾಡ ಕಣವ್ವ. ಮೊದ್ಲೇ ಮಗು ಮಾತಾಡಾಕಿಲ್ಲ. ಇರೋದೂ ನಿಂತೋದ್ರೆ ಏನ್ ಮಾಡ್ತೀಯ?"

ಆ ಮಾತು ಕೇಳಿದ ಮೇಲೆ ಮೂರು ದಿನ ಅನ್ನ ಸೇರಲಿಲ್ಲ. ಕಳಿಸಿದರೆ ಅವಳ ಕೈಯಲ್ಲಿರುವ ಮಾತನ್ನು ಅವರು ಕಸಕ್ಕೆ ಹಾಕುತ್ತಾರೆ. ಕಳಿಸದಿದ್ದರೆ ಬಾಯಲ್ಲಿ ಬರಬೇಕಾದದ್ದೂ ಬಾರದೆ ಹೋದರೆ?

ನಾಲ್ಕನೇ ದಿನ ಬೆಳಿಗ್ಗೆ ದೀಪದ ಕಂಬ ಉಜ್ಜುತ್ತಾ ಕುಳಿತಿದ್ದಾಗ ನನ್ನ ತಪ್ಪು ನನಗೇ ಕಂಡಿತು. ಅಟ್ಟದಿಂದ ಒಂದು ಕೊಬ್ಬರಿ ಇಳಿಸಿದರೂ ಒಳಗೆ ಒಣಗಿದೆಯೇ ಎಂದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವವಳು ನಾನು. ಮಗಳ ಶಾಲೆ ನೋಡಲು ಹೋದ ದಿನ ಮುಂದಿನ ಕೋಣೆ ದಾಟಿ ಹೋಗಿರಲಿಲ್ಲ. ನಾನು ಕಣ್ಣಾರೆ ನೋಡಬೇಕಾದ್ದನ್ನು ಅಮ್ಮನ ಮೇಲೆ ಹೊರಿಸಿ ಬಂದಿದ್ದೆ. ಕೈ ತೊಳೆದು ಫೋನು ಮಾಡಿ, ಮಗುವನ್ನು ಸೇರಿಸುವುದಿಲ್ಲ, ಅವಳು ಬರೆಯದ್ದಕ್ಕೆ ಅವಳ ಹೆಸರು ಹಾಕಿದಿರಿ ಎಂದೆ.

ಆ ಹೆಂಗಸು ಅಳುಕಲೇ ಇಲ್ಲ. "ನಿಮ್ಮಂಥವರು ಗೋಡೆ ನೋಡೇ ಅಲ್ವಾ ಮೇಡಂ ಬರೋದು? ಮಕ್ಕಳು ಗೀಚಿದ್ದನ್ನ ಹಾಕಿದ್ರೆ ಅವತ್ತು ನೀವು ಕಣ್ಣೀರು ಹಾಕ್ತಿದ್ರಾ?"

ಫೋನು ಕೆಳಗಿಟ್ಟೆ. ಅವರ ಮೇಲಿದ್ದ ಹೇಸಿಗೆಯಲ್ಲಿ ಒಂದು ಪಾಲು ನನ್ನ ಮೇಲೂ ಬಂತು. ಆ ಗಿಳಿಗಳನ್ನು ನನ್ನಂಥವರಿಗಾಗಿಯೇ ಬಳಿಯುತ್ತಿದ್ದರು.

ಗುಡಿಗೆ ಹೋದೆ. ಹೂ ಕೇಳಲಿಲ್ಲ. ಕಳಿಸೋದಿಲ್ಲ ತಾಯಿ, ಸಿಟ್ಟಿದ್ದರೆ ನನ್ನ ಮೇಲಿರಲಿ, ಮಗುವಿನ ಮೇಲೆ ಬೇಡ ಎಂದು ಹೇಳಿ ಬಂದೆ.

ಅದಾದ ಮೇಲೆ ತಿಪಟೂರಿನಲ್ಲೇ ಹಳೆಯ ಮನೆಯೊಂದರಲ್ಲಿ ನಡೆಸುವ ಇನ್ನೊಂದು ಮಾಂಟೆಸ್ಸರಿಗೆ ಹೋದೆ. ಮೊದಲು ಬಚ್ಚಲಿಗೆ ನುಗ್ಗಿದೆ. ಆಮೇಲೆ ಅಡುಗೆಮನೆ, ಕಸದ ಬುಟ್ಟಿ. ನಡೆಸುವ ವಯಸ್ಸಾದ ಟೀಚರು ಹಿಂದೆಯೇ ಬಂದರು. "ಏನ್ರೀ, ಮಗೂನ ಸೇರ್ಸಕ್ಕೆ ಬಂದ್ರಾ, ಮನೆ ಬಾಡಿಗೆಗೆ ನೋಡಕ್ಕೆ ಬಂದ್ರಾ?"

ಗೋಡೆಯ ಮೇಲೆ ಬರೀ ಗೀಟುಗಳು. ಒಂದನ್ನು ತೋರಿಸಿ ಏನಿದು ಎಂದೆ. "ನಂಗೇನ್ ಗೊತ್ತು ಕಣ್ರೀ, ಬರೆದವ್ನು ಇವತ್ತು ರಜ" ಎಂದರು. ಅಲ್ಲೇ ಸೇರಿಸಿದೆ.

ಅತ್ತೆ ಬಹಳ ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಆದರೂ ಮೊಮ್ಮಗಳ ಡಬ್ಬಿಗೆ ಅವರೇ ರೊಟ್ಟಿ ತಟ್ಟುತ್ತಾರೆ, ಅಷ್ಟು ಸಾಕು. ಮಗಳಿಗೆ ಒಂದು ಕೆಮ್ಮು ಬಂದರೆ ತಿರುಗಿ ನನ್ನ ಮುಖ ನೋಡುತ್ತಾರೆ. ಅಮ್ಮ ಸಿಟ್ಟಾದಳೇನೋ ಎಂಬ ಅಳುಕು ನನಗೂ ಹೋಗಿಲ್ಲ. ಕಷಾಯ ಕಾಯಿಸಿ ಕುಡಿಸಿ, ಬೆಳಿಗ್ಗೆ ಶಾಲೆಯ ವ್ಯಾನು ಹತ್ತಿಸಿ ಬರುತ್ತೇನೆ.